ನೀರಿನ ಚಿತ್ರದಲ್ಲಿ ಬಿದ್ದ ಗೆರೆ

1996ರ ನವೆಂಬರಿನಲ್ಲಿ ನಾನು ಗುಲಬರ್ಗಾದ ಒಂದು ಚಿಕ್ಕ ಇನ್‌ಸ್ಟ್ರುಮೆಂಟ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಕಂಪನಿ ಅಂದರೆ ಮಾಲೀಕರಾದ ಪಾಟೀಲ ಸರ್, ವೈರಿಂಗ್ ಮಾಡುವ ಒಬ್ಬರು ಮತ್ತು ನಾನು, ಇಷ್ಟೇ. ನನಗೆ ಆಗ ಇಪ್ಪತ್ಮೂರು ವರ್ಷ. ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಆಳಂದದ ಮನೆಯಿಂದ ಬೆಳಿಗ್ಗೆ ಏಳೂಕಾಲರ ಬಸ್ಸು ಹಿಡಿದು ಬರುತ್ತಿದ್ದೆ. ಕಾಲೇಜಿನ ದಿನಗಳಿಂದಲೂ ದಿನಚರಿ ಬರೆಯುತ್ತೇನೆ. ಎಷ್ಟು ಹೊತ್ತಿಗೆ ಹೋದೆ, ಎಷ್ಟು ಸಲ ಏನು ಮಾಡಿದೆ, ಎಷ್ಟು ಸಲ ತಪ್ಪಿತು ಎಂಬ ಲೆಕ್ಕವೇ ಅದರಲ್ಲಿ ಹೆಚ್ಚು. ಈ ಲೇಖನದ ತಾರೀಖು, ವೇಳೆಗಳನ್ನು ಅದರಿಂದಲೇ ತೆಗೆದುಕೊಂಡಿದ್ದೇನೆ.

ಆ ವರ್ಷ ನಮಗೆ ಅಫಜಲಪುರದ ಕಡೆ, ಭೀಮಾ ನದಿಗೆ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಕೆಲಸ ಸಿಕ್ಕಿತ್ತು. ಅಲ್ಲಿ ಕಬ್ಬು ಹಿಂಡಿ ಉಳಿದ ಸಿಪ್ಪೆಯನ್ನು ಉರಿಸಿ ಬಾಯ್ಲರ್ ನಡೆಸುತ್ತಾರೆ. ಬಾಯ್ಲರಿನ ಮೇಲ್ಭಾಗದಲ್ಲಿ ಡ್ರಮ್ ಎಂಬ ದೊಡ್ಡ ಉಕ್ಕಿನ ಪೀಪಾಯಿ ಇರುತ್ತದೆ. ಅದರಲ್ಲಿ ನೀರು ಸುಮಾರು ಅರ್ಧ ಇರಬೇಕು. ಹೆಚ್ಚಾದರೆ ಉಗಿಯ ಜೊತೆ ನೀರೂ ಹೋಗಿ ಟರ್ಬೈನ್ ಕೆಡುತ್ತದೆ. ತೀರಾ ಕಡಿಮೆಯಾದರೆ ಕೊಳವೆಗಳು ಕಾದು ಒಡೆಯುತ್ತವೆ, ಹತ್ತಿರದಲ್ಲಿದ್ದವರು ಉಳಿಯುವುದಿಲ್ಲ. ಹೀಗಾಗಿ ಬಾಯ್ಲರ್ ನೋಡಿಕೊಳ್ಳುವವನಿಗೆ ಅಟೆಂಡೆಂಟ್ ಎಂಬ ಸರ್ಕಾರಿ ಸರ್ಟಿಫಿಕೇಟು ಇರಬೇಕು. ಡ್ರಮ್ಮಿನ ಪಕ್ಕದಲ್ಲಿ ಒಂದು ಗಾಜಿನ ನಳಿಗೆ ಇದೆ. ಅದನ್ನು ನೋಡಲು ಎರಡು ಅಂತಸ್ತು ಕಬ್ಬಿಣದ ಮೆಟ್ಟಿಲು ಹತ್ತಬೇಕು. ಆ ನೀರಿನ ಮಟ್ಟವನ್ನು ಕೆಳಗಿನ ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಚಿತ್ರವಾಗಿ ತೋರಿಸುವುದು ನಮ್ಮ ಕೆಲಸ. ಅಪಾಯದ ಹೂಟರ್, ಬಾಯ್ಲರ್ ತಾನಾಗಿ ನಿಲ್ಲುವ ಟ್ರಿಪ್, ಇವೆರಡೂ ಬೇರೆ ವೈರಿನವು. ನಮ್ಮದು ತೋರಿಸುವ ಪ್ರೋಗ್ರಾಂ ಮಾತ್ರ.

ಚಿತ್ರ ಹೇಗಿರಬೇಕು ಎಂದು ನಾನು ಕೇಳಿದ್ದು ಸಿದ್ರಾಮಪ್ಪ ಎಂಬ ಹಿರಿಯ ಅಟೆಂಡೆಂಟರನ್ನು. ಜೇವರ್ಗಿ ತಾಲ್ಲೂಕಿನವರು, ಐವತ್ತೊಂದು ವರ್ಷ, ಅದರಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರಿನ ಮುಂದೆಯೇ ಕಳೆದವರು. “ಅಂಕಿ ಗಿಂಕಿ ಬ್ಯಾಡ ತಂಗಿ. ಮ್ಯಾಲಿನ ಗ್ಲಾಸ್ ಹ್ಯಾಂಗದನೋ ಹಾಂಗೇ ತೆಗದು ಕೊಡು. ದೂರಿಂದ ನೋಡಿದ್ರೂ ತಿಳೀಬೇಕು” ಎಂದರು. ಹಾಗೆಯೇ ಮಾಡಿದೆ. ಬೂದು ಬಣ್ಣದ ಉದ್ದನೆಯ ನಳಿಗೆ, ಒಳಗೆ ನೀಲಿ ನೀರು, ಪಕ್ಕದಲ್ಲಿ ಸೊನ್ನೆಯಿಂದ ನೂರರವರೆಗೆ ಗೀಟುಗಳು. ಐವತ್ತರ ಆಸುಪಾಸಿನಲ್ಲಿ ನೀರಿದ್ದರೆ ಎಲ್ಲ ಸರಿ ಎಂದರ್ಥ.

ಇಲ್ಲಿ ಒಂದು ವಿಷಯ ವಿವರಿಸಬೇಕು. ಕಂಪ್ಯೂಟರಿನ ಪರದೆಯ ಮೇಲೆ ಒಂದು ವಿಂಡೋದ ಮೇಲೆ ಇನ್ನೊಂದನ್ನು ತೆರೆಯಬಹುದು. ಮೇಜಿನ ಮೇಲೆ ಒಂದು ಕಾಗದದ ಮೇಲೆ ಇನ್ನೊಂದನ್ನು ಇಟ್ಟು ತೆಗೆದರೆ ಕೆಳಗಿನದರಲ್ಲಿ ಬರೆದದ್ದು ಹಾಗೆಯೇ ಇರುತ್ತದೆ. ಪರದೆಯಲ್ಲಿ ಹಾಗಾಗುವುದಿಲ್ಲ. ಮೇಲಿನ ವಿಂಡೋ ಸರಿದಾಗ ಕೆಳಗಿನ ಜಾಗ ಅಳಿಸಿ ಹೋಗಿರುತ್ತದೆ. ಆಗ ಕಂಪ್ಯೂಟರ್ ಕೆಳಗಿನ ಪ್ರೋಗ್ರಾಮಿಗೆ ‘ಇಷ್ಟು ಜಾಗವನ್ನು ಮತ್ತೆ ಬರಿ’ ಎಂದು ಸಂದೇಶ ಕಳಿಸುತ್ತದೆ. ಇದಕ್ಕೆ ರೀಡ್ರಾ ಎನ್ನುತ್ತಾರೆ. ಸಂದೇಶ ಬಂದಾಗ ಏನು ಬರೆಯಬೇಕು ಎಂಬುದನ್ನು ಪ್ರೋಗ್ರಾಂ ಬರೆದವರು ಮೊದಲೇ ಹೇಳಿಟ್ಟಿರಬೇಕು.

ನನ್ನ ಮೊದಲ ಪ್ರೋಗ್ರಾಂ ಸೆಕೆಂಡಿಗೊಮ್ಮೆ ಇಡೀ ಚಿತ್ರವನ್ನು ಅಳಿಸಿ ಹೊಸದಾಗಿ ಬರೆಯುತ್ತಿತ್ತು. ಕಂಪ್ಯೂಟರ್ ನಿಧಾನದ್ದು, ಹಾಗಾಗಿ ಚಿತ್ರ ಮಿಣುಕುತ್ತಿತ್ತು. ಎರಡನೇ ಪಾಳಿಯ ಅಟೆಂಡೆಂಟ್ ಮಹಬೂಬ್ ಒಂದು ದಿನ ಪಾಳಿಗಿಂತ ಬಹಳ ಮುಂಚೆಯೇ ಬಂದು ಎಲ್ಲರೆದುರು, “ಮೇಡಂ, ನಿಮ್ಮ ಕಂಪ್ಯೂಟರ್ ನನಗ ಕಣ್ಣ್ ಹೊಡ್ಯಾಕತ್ತದ್ರಿ. ನಂದು ಲಗ್ನ ಆಗೇದಂತ ಅದಕ್ಕೊಂದಿಷ್ಟು ಹೇಳ್ರಿ” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆಳಂದದವರೆಗೂ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಹೋದೆ.

ಮಿಣುಕು ನಿಲ್ಲಿಸಲು ನಾನು ಎರಡು ಅಡ್ಡದಾರಿ ಹಿಡಿದೆ. ಒಂದು, ಸೆಕೆಂಡಿಗೊಮ್ಮೆ ಇಡೀ ಚಿತ್ರ ಬರೆಯುವ ಬದಲು ಬದಲಾದ ಪಟ್ಟಿಯನ್ನಷ್ಟೇ ಬರೆಯುವುದು. ನೀರು 52ರಿಂದ 51ಕ್ಕೆ ಇಳಿದರೆ ಆ ಒಂದು ಅಂಕದ ಪಟ್ಟಿಗೆ ಮಾತ್ರ ಬೂದು ಬಣ್ಣ ಬಳಿದರೆ ಸಾಕು. ಇನ್ನೊಂದು, ಪಾಳಿಯ ವಿವರ ಟೈಪ್ ಮಾಡುವ ವಿಂಡೋ ಈ ಚಿತ್ರದ ಮೇಲೆ ತೆರೆದುಕೊಳ್ಳುವ ಮುಂಚೆ ಚಿತ್ರದ ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದು. ವಿಂಡೋ ಮುಚ್ಚಿ ರೀಡ್ರಾ ಸಂದೇಶ ಬಂದ ಕೂಡಲೇ ಆ ಪ್ರತಿಯನ್ನು ಅಂಟಿಸಿಬಿಡುವುದು. ಚಿತ್ರ ಕಲ್ಲಿನಂತೆ ನಿಂತಿತು. ವಿಂಡೋ ತೆರೆದು ಮುಚ್ಚಿ 54 ಸಲ ಪರೀಕ್ಷಿಸಿದೆ. ದಿನಚರಿಯಲ್ಲಿ ‘54ಕ್ಕೆ 54 ಸರಿ’ ಎಂದಿದೆ. ನವೆಂಬರ್ 23ರಂದು ಕೆಲಸ ಒಪ್ಪಿಸಿದೆವು.

ಘಟನೆ ನಡೆದದ್ದು 1997ರ ಜನವರಿ 21ರಂದು, ಮಧ್ಯಾಹ್ನ ಎರಡರ ಪಾಳಿ ಬದಲಾಗುವ ಹೊತ್ತಿನಲ್ಲಿ. ನೀರು ತಳ್ಳುವ ಪಂಪಿನ ಜಾಲರಿಯಲ್ಲಿ ಕಸ ಕಟ್ಟಿ ಡ್ರಮ್ಮಿಗೆ ಹೋಗುವ ನೀರು ಕಡಿಮೆಯಾಗತೊಡಗಿತ್ತು. ಪಾಳಿ ಮುಗಿಸಿದ ಸಿದ್ರಾಮಪ್ಪ 2 ಗಂಟೆ 10 ನಿಮಿಷಕ್ಕೆ ಕಾಗದದ ರಜಿಸ್ಟರಿನಲ್ಲಿ ‘ಮಟ್ಟ 52’ ಎಂದು ಬರೆದು ಸಹಿ ಹಾಕಿದರು. ಆರು ನಿಮಿಷದ ಮೇಲೆ ಹೂಟರ್ ಕೂಗಿ ಬಾಯ್ಲರ್ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಂಬತ್ತು ಗಂಟೆ ಗಾಣ ನಿಂತು ಕಬ್ಬಿನ ಗಾಡಿಗಳು ರಸ್ತೆಯವರೆಗೆ ಸಾಲುಗಟ್ಟಿದವು.

ಮರುದಿನ ಕಾರ್ಖಾನೆಯ ಚೀಫ್ ಇಂಜಿನಿಯರ್ ಇನಾಮದಾರ ಸಾಹೇಬರು ನಮ್ಮ ಆಫೀಸಿಗೆ ಫೋನ್ ಮಾಡಿದರು. ನಮ್ಮ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಮಟ್ಟದ ಅಂಕಿಯನ್ನು ಡಿಸ್ಕಿನಲ್ಲಿ ಬರೆದಿಡುತ್ತಿತ್ತು. ಅದರ ಪಟ್ಟಿ ಬೇಕೆಂದರು. ನಾನೇ ಹೋಗಿ ಪ್ರಿಂಟ್ ತೆಗೆದು ಕೊಟ್ಟೆ. 2 ಗಂಟೆಗೆ 51, 2:05ಕ್ಕೆ 44, 2:10ಕ್ಕೆ 36, 2:16ಕ್ಕೆ 20. ಹಿಂದಿನ ಕೋಣೆಯಲ್ಲಿ ಮಟ್ಟವನ್ನು ತಾನಾಗಿ ಗೀಚಿಡುವ ಯಂತ್ರದ ಚಾರ್ಟ್ ಕಾಗದವೂ ಅದನ್ನೇ ಹೇಳುತ್ತಿತ್ತು. ಸಾಹೇಬರು ಪಟ್ಟಿಯ ಮೇಲೆ ಬೆರಳಿಟ್ಟು, “ಮಷೀನ್ ಖರೆ ಹೇಳ್ಯಾದ, ಮನುಷ್ಯ ಸುಳ್ಳು ಬರದಾನ” ಎಂದರು. ಸಿದ್ರಾಮಪ್ಪನವರಿಗೆ ಸುಳ್ಳು ದಾಖಲೆಯ ಆಪಾದನೆಯ ಮೆಮೊ ಹೋಯಿತು. ಫೆಬ್ರವರಿ 3ಕ್ಕೆ ವಿಚಾರಣೆ. ಆಪಾದನೆ ನಿಂತರೆ ಅವರ ಸರ್ಟಿಫಿಕೇಟು ರದ್ದು ಮಾಡುವಂತೆ ಮೇಲಿನ ಆಫೀಸಿಗೆ ಬರೆಯುವುದೆಂದು ತೀರ್ಮಾನವಾಗಿತ್ತು. ಅದು ಹೋದರೆ ಆ ಮನುಷ್ಯನನ್ನು ಯಾವ ಕಾರ್ಖಾನೆಯೂ ಬಾಯ್ಲರಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪಾಟೀಲ ಸರ್ ನನ್ನ ಪಟ್ಟಿ ನೋಡಿ ಸಂತೋಷಪಟ್ಟರು. ನಾನೂ ಪಟ್ಟೆ ಎಂದು ಬರೆದುಕೊಂಡಿದ್ದೇನೆ.

ಜನವರಿ 27ರಂದು ಒಂದು ಕೇಬಲ್ ಬದಲಿಸಲು ಮತ್ತೆ ಹೋದೆ. ಸಿದ್ರಾಮಪ್ಪನವರನ್ನು ಗೇಟಿನಲ್ಲಿ ಗಾಡಿಗಳ ಚೀಟಿ ನೋಡಲು ಕೂರಿಸಿದ್ದರು. ತಪ್ಪಿಸಿಕೊಂಡು ಹೋಗಲು ಬೇರೆ ದಾರಿ ಇರಲಿಲ್ಲ.

“ಬಾ ತಂಗಿ. ನಿನ್ನ ಕಾಗದ ನೋಡ್ದೆ. ಭಾಳ ಛಂದ ಛಾಪಿಸಿ ಕೊಟ್ಟಿ.”

“ಕಾಕಾ, ಅದು ಕಂಪ್ಯೂಟರ್ ತಾನೇ ಬರ್ಕೊಂಡದ್ದರಿ. ನಾ ಏನೂ ತಿದ್ದಿಲ್ರಿ.”

“ನೀ ತಿದ್ದೀದಿ ಅಂತ ನಾ ಎಲ್ಲಿ ಅಂದೆ? ನಾ ನೋಡೇ ಬರದೀನಿ, ಐವತ್ತೆರಡು ಇತ್ತು. ನೀರಿನ ನಡುವ ಒಂದ್ ಗೆರಿ ಬಿದ್ದಿತ್ತು, ಅದನ್ನೂ ಸಾಹೇಬರಿಗೆ ಹೇಳೀನಿ. ನೀರಿಗೆ ಗೆರಿ ಬೀಳ್ತದೇನೋ, ಎಷ್ಟ್ ಕುಡ್ದು ಬಂದಿದ್ದಿ ಅಂದ್ರು. ಲಿಂಗ ಕಟ್ಟಿದಾಂವ ನಾ. ಹುಟ್ಟಿದಾಗಿಂದ ಒಂದ್ ಹನಿ ಮುಟ್ಟಿಲ್ಲ.”

“ಎಂಥಾ ಗೆರಿ ಕಾಕಾ?”

“ಬೂದಿ ಬಣ್ಣದ್ದು, ಅಡ್ಡ. ಅದರ ಮ್ಯಾಲೂ ನೀರು, ಕೆಳಗೂ ನೀರು. ಧೂಳ ಕುಂತದಂತ ಟಾವೆಲ್‌ಲೇ ವರಸ್ದೆ. ಹೋಗಲಿಲ್ಲ. ವರಸಿದಂಗ ವರಸಿದಂಗ ದಪ್ಪ ಆತು.”

ಅಷ್ಟು ಕೇಳಿದ ಮೇಲೆ ನನಗೆ ಅವರ ಮುಖ ನೋಡಲಾಗಲಿಲ್ಲ. ಪರದೆಯ ಗಾಜಿನ ಮೇಲಿನ ಧೂಳು ಒರೆಸಿದರೆ ದಪ್ಪವಾಗುವುದಿಲ್ಲ. ವಿಂಡೋ ಮುಚ್ಚಿದಾಗ ನನ್ನ ಪ್ರೋಗ್ರಾಂ ಅಂಟಿಸುವುದು ವಿಂಡೋ ತೆರೆಯುವ ಮುಂಚಿನ ಚಿತ್ರವನ್ನು. ಆ ನಡುವೆ ನೀರು 52ರಿಂದ 36ಕ್ಕೆ ಇಳಿದಿದ್ದರೂ ಪರದೆಯ ಮೇಲೆ ಬರುವುದು ಹಳೆಯ 52. ಆಮೇಲೆ ನೀರು 36ರಿಂದ 35ಕ್ಕೆ ಇಳಿದಾಗ ಪ್ರೋಗ್ರಾಂ ಆ ಒಂದು ಅಂಕದ ಪಟ್ಟಿಗಷ್ಟೇ ಬೂದು ಬಳಿಯುತ್ತದೆ. ಮೇಲೆ ಇಲ್ಲದ ನೀರು, ಕೆಳಗೆ ಇರುವ ನೀರು, ನಡುವೆ ದಪ್ಪವಾಗುತ್ತ ಹೋಗುವ ಗೆರೆ. ಮಾಮೂಲಿನಂತೆ ಮಟ್ಟ ಒಂದೆರಡು ಅಂಕ ಮಾತ್ರ ಏರಿಳಿದಾಗ ಚಿತ್ರ ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಹೋಗುತ್ತಿತ್ತು. ಎರಡು ತಿಂಗಳು ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಅದೇ ಕಾರಣ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ನೀರು ಹದಿನಾರು ಅಂಕ ಇಳಿಯುವಷ್ಟು ಹೊತ್ತು ವಿಂಡೋ ತೆರೆದೇ ಇತ್ತೆ? ಟೈಪ್ ಮಾಡಬೇಕಾದದ್ದು ನಾಲ್ಕೇ ಸಾಲು. ಜನವರಿ 28ರಂದು ಆಫೀಸಿನಲ್ಲಿ ಕೂತು 31 ಸಲ ಪ್ರಯತ್ನಿಸಿದೆ. ಬೇಕೆಂದೇ ನಿಧಾನವಾಗಿ ಟೈಪ್ ಮಾಡಿದರೂ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಚಿತ್ರ ಪ್ರತಿ ಸಲವೂ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

29ರಂದು ಕಾರ್ಖಾನೆಗೆ ಹೋಗಿ ಎರಡು ಗಂಟೆ ದಾಟುವವರೆಗೆ ನಿಂತೆ. ಅಲ್ಲಿಂದ ನಮ್ಮ ಕಡೆಗೆ ಒಂದೂವರೆಗೆ ಒಂದು ಬಸ್ಸಿತ್ತು, ಅದು ತಪ್ಪಿದರೆ ಐದಕ್ಕೆ. ಆದ್ದರಿಂದ ನವೆಂಬರಿನಲ್ಲಿ ಅಷ್ಟು ದಿನ ಕೆಲಸ ಮಾಡಿಯೂ ನಾನು ಒಂದು ಸಲವೂ ಪಾಳಿ ಬದಲಾಗುವುದನ್ನು ನೋಡಿರಲಿಲ್ಲ. 1:50ಕ್ಕೆ, ಸಿದ್ರಾಮಪ್ಪನವರ ಜಾಗಕ್ಕೆ ಬಂದಿದ್ದ ಅಟೆಂಡೆಂಟ್ ವಿಂಡೋ ತೆರೆದು ನಾಲ್ಕು ಸಾಲು ಹಾಕಿ ಕೈಬಿಟ್ಟು ಕೂತ. ಮಹಬೂಬ್ ಬಂದು ಪರದೆ ಓದಿದ, ಮೆಟ್ಟಿಲು ಹತ್ತಿ ಗ್ಲಾಸ್ ನೋಡಿದ, ಅಲ್ಲಿಂದ ಇಳಿಯುತ್ತ ಒಂದೊಂದೇ ವಾಲ್ವನ್ನು ಕೈಯಿಂದ ಮುಟ್ಟುತ್ತ ಇಡೀ ಬಾಯ್ಲರಿಗೆ ಒಂದು ಸುತ್ತು ಬಂದ. ಪಂಪಿನವನ ಜೊತೆ ಎರಡು ಮಾತಾಡಿದ. ಒಳಗೆ ಬಂದು ಇಬ್ಬರೂ ಚಹಾ ಕುಡಿದರು. ಆಮೇಲೆ ಮಹಬೂಬ್ “ತಗೊಂಡೆ” ಎಂದ. ಆಗ ಇನ್ನೊಬ್ಬ ವಿಂಡೋ ಮುಚ್ಚಿ, ಚಿತ್ರ ನೋಡಿ, ಕಾಗದದ ರಜಿಸ್ಟರಿನಲ್ಲಿ ಮಟ್ಟ ಬರೆದು ಸಹಿ ಹಾಕಿದ. ನನ್ನ ಗಡಿಯಾರದಲ್ಲಿ 2:11. ವಿಂಡೋ ಇಪ್ಪತ್ತೊಂದು ನಿಮಿಷ ತೆರೆದಿತ್ತು.

“ಬರದು ಆದ ಮ್ಯಾಲೆ ಯಾಕ ಮುಚ್ಚಲಿಲ್ಲ?” ಎಂದು ಮಹಬೂಬನನ್ನು ಕೇಳಿದೆ.

“ಹ್ಯಾಂಗ್ ಮುಚ್ಚೋದ್ರಿ ಮೇಡಂ? ನಾ ತಗೊಂಡೆ ಅನ್ನೂತನಾ ಬಾಯ್ಲರ್ ಅವನ ಜಿಮ್ಮಾ. ಮೊದಲಿಂದೂ ಹಾಂಗೇ. ಕಾಗದದ್ದಿದ್ದಾಗ ರಜಿಸ್ಟರ್ ಟೇಬಲ್ ಮ್ಯಾಲ ತೆರದೇ ಇಡ್ತಿದ್ವಿ. ಮುಚ್ಚಿದ್ರಂದ್ರ ಕೈ ತೊಳ್ಕೊಂಡ್ರು ಅಂತ.”

ಹೊಣೆ ಇನ್ನೂ ಕೈಬದಲಾಗಿಲ್ಲ ಎಂದು ತೋರಿಸುವ ತೆರೆದ ರಜಿಸ್ಟರಿನ ಆ ಪದ್ಧತಿಯನ್ನು ಅವರು ಕಂಪ್ಯೂಟರಿಗೂ ತಂದಿದ್ದರು. ನನ್ನ 54 ಪರೀಕ್ಷೆಗಳಲ್ಲಿ ವಿಂಡೋ ತೆರೆದಿದ್ದದ್ದು ಸರಾಸರಿ ಮೂರು ಸೆಕೆಂಡು. ಅಂದು ಐದರ ಬಸ್ಸಿಗೆ ಹೊರಟು ಆಫೀಸು ಸೇರಿ, ವಿಂಡೋ ತೆರೆದು ಇಪ್ಪತ್ತು ನಿಮಿಷ ಬಿಟ್ಟು, ಆ ಹೊತ್ತಿನಲ್ಲಿ ನಾನೇ ಅಂಕಿ ಕೊಟ್ಟು ಮಟ್ಟ ಇಳಿಸಿ ನೋಡಿದೆ. ಮೊದಲ ಸಲಕ್ಕೇ ಗೆರೆ ಬಿತ್ತು.

ಮರುದಿನ ಪಾಟೀಲ ಸರ್‌ಗೆ ಎಲ್ಲ ಹೇಳಿ, ಗೆರೆ ಬೀಳಿಸಿ ತೋರಿಸಿದೆ. ಅವರು ಗೆರೆಯನ್ನು ಬಹಳ ಹೊತ್ತು ನೋಡಿದರು.

“ಸರಿ ಮಾಡಿ ಹೊಸ ಫ್ಲಾಪಿ ಒಯ್ದು ಹಾಕಿ ಬಾ. ಯಾರಿಗೂ ಏನೂ ಹೇಳೋದು ಬ್ಯಾಡ.”

“ಸರ್, ಮೂರನೇ ತಾರೀಖಿಗೆ ಅವರ ಸರ್ಟಿಫಿಕೇಟ್ ಹೋಗ್ತದ್ರಿ.”

“ಮ್ಯಾಲ ಗ್ಲಾಸ್ ಇತ್ತಲ್ಲ. ಸಹಿ ಮಾಡೂ ಮುಂದ ಹತ್ತಿ ನೋಡಬೇಕಿತ್ತು ಆತ.”

“ಸಾರಿ ಸಾರಿಗೆ ಹತ್ತೂದು ತಪ್ಪಲಿ ಅಂತನೇ ನಾವು ಇದನ್ನ ಕೊಟ್ಟಿದ್ದಲ್ರಿ ಸರ್?”

ಮುಂದಿನ ವರ್ಷ ಎರಡನೇ ಬಾಯ್ಲರಿನ ಕೆಲಸವೂ ನಮಗೇ ಬರುವುದಿತ್ತು, ಅದು ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಊಟದ ಹೊತ್ತಿಗೆ ಅವರು ಎದ್ದು ಕಪಾಟು ತೆರೆದು, ಸಿಗ್ನಲ್ ಕೊಡುವ ಮಿಲಿಆಂಪಿಯರ್ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಟ್ಟರು. “ನಡದಿರೋ ಬಾಯ್ಲರ್‌ನ್ಯಾಗ ನೀರು ಇಳಿಸಿ ತೋರ್ಸಾಕ ಬರಾಂಗಿಲ್ಲ. ಇದನ್ನ ಒಯ್ಯಿ. ನಾ ಬರಂಗಿಲ್ಲ, ನೀನೇ ಹೇಳು” ಎಂದರು. ಈ ಪೆಟ್ಟಿಗೆಯ ತಿರುಗಣಿ ತಿರುಗಿಸಿದರೆ ಕಂಪ್ಯೂಟರಿಗೆ ನೀರಿನ ಮಟ್ಟ ಏರಿದಂತೆ, ಇಳಿದಂತೆ ಅನಿಸುತ್ತದೆ.

ಫೆಬ್ರವರಿ 3ರಂದು ಆಫೀಸಿನ ಕಂಪ್ಯೂಟರನ್ನು ರಗ್ಗಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಮಾನಿಟರ್ ಕಾರ್ಖಾನೆಯದೇ ಸಿಕ್ಕಿತು. ಇನಾಮದಾರ ಸಾಹೇಬರ ಕೋಣೆಯಲ್ಲಿ ಅವರು, ಸಿಬ್ಬಂದಿ ವಿಭಾಗದ ಅಧಿಕಾರಿ, ಸಾಕ್ಷಿಯಾಗಿ ಮಹಬೂಬ್, ಮೂಲೆಯಲ್ಲಿ ನಿಂತ ಸಿದ್ರಾಮಪ್ಪ. ನಾನು ಬರೆದುಕೊಂಡು ಹೋಗಿದ್ದನ್ನು ಓದಲಿಲ್ಲ. ಮಟ್ಟ 52 ತೋರಿಸುವಂತೆ 12.32 ಮಿಲಿಆಂಪಿಯರ್ ಕೊಟ್ಟು, ಚಿತ್ರ ತೋರಿಸಿ, ಪಾಳಿಯ ವಿಂಡೋ ತೆರೆದು, “ಇಪ್ಪತ್ತು ನಿಮಿಷ ಹೀಂಗೇ ಬಿಡ್ರಿ ಸರ್” ಎಂದೆ.

“ಇಪ್ಪತ್ತು ನಿಮಿಷ ಏನ್ ಮಾಡೋದು?”

“ಚಹಾ ಕುಡೀರಿ ಸರ್. ಅವರೂ ಅಷ್ಟೇ ಮಾಡ್ತಾರ.”

ಮಹಬೂಬ್ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದ. ಚಹಾ ಬಂತು. ಆ ಹೊತ್ತಿನಲ್ಲಿ ನಾನು ಅಂಕಿ ಕಾಣದಂತೆ ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿಕೊಂಡು ತಿರುಗಣಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆ. ಇಪ್ಪತ್ತು ನಿಮಿಷವಾದ ಮೇಲೆ ವಿಂಡೋ ಮುಚ್ಚಿ, ಸಾಹೇಬರಿಗೂ ಅಧಿಕಾರಿಗೂ ಒಂದೊಂದು ಚೀಟಿ ಕೊಟ್ಟು, ಈಗಿನ ಮಟ್ಟ ಬರೆದು ಸಹಿ ಹಾಕಲು ಕೇಳಿದೆ. ಇಬ್ಬರೂ 52 ಎಂದು ಬರೆದರು. ಪೆಟ್ಟಿಗೆಯನ್ನು ಅವರ ಕಡೆ ತಿರುಗಿಸಿದೆ. ಅದರಲ್ಲಿ 9.76 ಇತ್ತು. ಅಂದರೆ 36. 4 ಮಿಲಿಆಂಪಿಯರ್ ಎಂದರೆ ಮಟ್ಟ ಸೊನ್ನೆ, 20 ಎಂದರೆ ನೂರು ಎಂಬ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದೆ.

ಇನ್ನೂ ಸ್ವಲ್ಪ ಇಳಿಸಿದಾಗ ನೀಲಿಯ ನಡುವೆ ಬೂದು ಗೆರೆ ಮೂಡಿತು.

“ಇದೇರಿ ಸಾಹೇಬ್ರ” ಎಂದರು ಸಿದ್ರಾಮಪ್ಪ. “ಇದೇ ಗೆರಿ.”

ಸಾಹೇಬರು ಎದ್ದು ಬಂದು ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದರು. ನಾನು ತಿರುಗಣಿ ಇಳಿಸುತ್ತಲೇ ಇದ್ದೆ, ಗೆರೆ ದಪ್ಪವಾಯಿತು. ಅವರು ಬೆರಳು ತೆಗೆದು ನೋಡಿಕೊಂಡರು.

“ಅವತ್ತ್ ನಿನಗ ಕುಡ್ದಿದ್ದಿ ಅಂದಿದ್ದೆ.”

“ಅಂದಿದ್ರಿ.”

ಸಾಹೇಬರು ತಮ್ಮ ಚೀಟಿಯನ್ನು ಮಡಚಿ ಫೈಲಿನಲ್ಲಿ ಇಟ್ಟರು. “ಈ ಪ್ರೋಗ್ರಾಂ ಬರದವ್ರು ಯಾರು?” ಎಂದು ಕೇಳಿದರು. ನಾನೇ ಎಂದೆ. ಪಟ್ಟಿ ಛಾಪಿಸಿ ಕೊಟ್ಟವರೂ ನೀವೇ ಅಲ್ಲವೇ ಎಂದರು. ಹೌದು ಎಂದೆ. ಅದನ್ನೆಲ್ಲ ಬರೆದು ಸಹಿ ಹಾಕಿ ಕೊಡಿ ಎಂದರು. ಒಂದೂವರೆ ಪುಟವಾಯಿತು.

ಫೆಬ್ರವರಿ 5ರಂದು ಮೆಮೊ ವಾಪಸಾಯಿತು. ಸುಳ್ಳು ದಾಖಲೆ ಎಂಬ ಮಾತನ್ನು ತೆಗೆದರು. ಸಹಿ ಹಾಕುವ ಮುಂಚೆ ಮೇಲಿನ ಗ್ಲಾಸನ್ನೂ ನೋಡಬೇಕಿತ್ತು ಎಂಬ ಒಂದು ಸಾಲಿನ ಎಚ್ಚರಿಕೆ ಮಾತ್ರ ಉಳಿಯಿತು. ಅದು ನ್ಯಾಯವೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಕಂಪ್ಯೂಟರನ್ನು ಒಂದು ವಾರ ಬಂದ್ ಮಾಡಿಸಿದರು. ಎರಡನೇ ಬಾಯ್ಲರಿನ ಕೆಲಸ ಬೇರೆಯವರಿಗೆ ಹೋಯಿತು. ಪಾಟೀಲ ಸರ್ ಆ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ, ಬೇರೆ ಮಾತನ್ನೂ ಸುಮಾರು ದಿನ ಆಡಲಿಲ್ಲ.

ಹೊಸ ಪ್ರೋಗ್ರಾಮಿನಲ್ಲಿ ಹಳೆಯ ಪ್ರತಿ ಇಟ್ಟುಕೊಳ್ಳುವುದನ್ನು ತೆಗೆದುಹಾಕಿದೆ. ರೀಡ್ರಾ ಸಂದೇಶ ಯಾವಾಗ ಬಂದರೂ, ಯಾವ ಕಾರಣಕ್ಕೆ ಬಂದರೂ, ಆ ಕ್ಷಣದ ಮಟ್ಟ ಎಷ್ಟೆಂದು ಕೇಳಿಕೊಂಡು ಇಡೀ ಚಿತ್ರವನ್ನು ಮೊದಲಿನಿಂದ ಬರೆಯಬೇಕು. ಮಟ್ಟ ಬದಲಾದಾಗಲೂ ಅದೇ ದಾರಿ, ಬೇರೆಲ್ಲಿಂದಲೂ ಚಿತ್ರಕ್ಕೆ ಕೈ ಹಾಕುವಂತಿಲ್ಲ. ಮಿಣುಕದಿರಲು ಮೊದಲು ಮೆಮೊರಿಯಲ್ಲಿ ಪೂರ್ತಿ ಬರೆದು ಆಮೇಲೆ ಒಮ್ಮೆಗೇ ಪರದೆಗೆ ತಂದೆ. ಪಾಳಿಯ ವಿಂಡೋ ಒಂದು ನಿಮಿಷಕ್ಕೆ ತಾನೇ ಮುಚ್ಚಿಕೊಳ್ಳುವಂತೆ ಮಾಡಲೇ ಎಂದು ಮಹಬೂಬನನ್ನು ಕೇಳಿದೆ. “ಅದು ತನ್ನಷ್ಟಕ್ಕ ತಾನ ಮುಚ್ಚಿದ್ರ ಅಷ್ಟೊತ್ತು ಬಾಯ್ಲರ್ ಯಾರ ಜಿಮ್ಮಾ ಮೇಡಂ, ನಿಮ್ಮದಾ?” ಎಂದ. ವಿಂಡೋವನ್ನು ಹಾಗೆಯೇ ಬಿಟ್ಟು, ಚಿತ್ರದ ಮೇಲೆ ಬರದಂತೆ ಪರದೆಯ ಎಡಕ್ಕೆ ಸರಿಸಿದೆ. ಈ ಸಲದ ಪರೀಕ್ಷೆಗಳು ಹನ್ನೆರಡೇ. ಒಂದೊಂದಕ್ಕೂ ಇಪ್ಪತ್ತೊಂದು ನಿಮಿಷ.

ಫೆಬ್ರವರಿ 12ರಂದು ಹೊಸ ಫ್ಲಾಪಿ ಹಾಕಿದಾಗ ಪಾಳಿಯಲ್ಲಿ ಸಿದ್ರಾಮಪ್ಪನವರೇ ಇದ್ದರು. ನಾನು ತಪ್ಪೊಪ್ಪಿಕೊಳ್ಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. “ಕಾಕಾ, ನನ್ನ ಸಲುವಾಗಿ ನೀವು ಹದಿನಾಲ್ಕು ದಿನ ಗೇಟಿನಾಗ ಕೂಡಬೇಕಾತು” ಎಂದೆ.

“ಹದಿನೈದು” ಎಂದರು. “ಇಪ್ಪತ್ತೆರಡನೇ ತಾರೀಖಿನಿಂದ ಎಣಿಸು.”

ಎಣಿಸಿದೆ. ಹದಿನೈದೇ ಆಗಿತ್ತು. ಅವರು ಎದ್ದು ಮೆಟ್ಟಿಲು ಹತ್ತಿ ಗ್ಲಾಸ್ ನೋಡಿ ಬಂದರು, ನನ್ನ ಚಿತ್ರ ನೋಡಿದರು, ಆಮೇಲೆ ರಜಿಸ್ಟರಿನಲ್ಲಿ 49 ಎಂದು ಬರೆದು ಸಹಿ ಹಾಕಿದರು.

ಆಮೇಲೆ ನಾನು ಇನ್ನೂ ಏಳು ಕಡೆ ಇಂಥ ಚಿತ್ರಗಳನ್ನು ಬರೆದಿದ್ದೇನೆ. ಪ್ರತಿ ಕಡೆಯೂ ಕೋಡ್ ಬರೆಯುವ ಮುಂಚೆ ಒಂದು ಪಾಳಿ ಬದಲಾಗುವುದನ್ನು ಪೂರ್ತಿ ಕೂತು ನೋಡುತ್ತೇನೆ, ಬಸ್ಸು ತಪ್ಪಿದರೆ ತಪ್ಪಲಿ. ಪರದೆಯ ಮೇಲಿನ ನೀರು ಡ್ರಮ್ಮಿನೊಳಗಿನ ನೀರಲ್ಲ. ಯಾವುದೋ ಒಂದು ಕ್ಷಣದಲ್ಲಿ ನಾನು ಬರೆದ ಚಿತ್ರ ಅದು. ಆ ಕ್ಷಣ ಯಾವುದು ಎಂಬುದು ಬರೆದ ನನಗಷ್ಟೇ ಗೊತ್ತಿರುತ್ತದೆ. ನೋಡುವವನು ಅದನ್ನು ಈಗಿನದೆಂದು ನಂಬಿ ಕೆಳಗೆ ತನ್ನ ಹೆಸರು ಬರೆಯುತ್ತಾನೆ. ನನ್ನ ಹೆಸರು ಆ ಪುಟದಲ್ಲಿ ಎಲ್ಲಿಯೂ ಇರುವುದಿಲ್ಲ.